ಹಾರನ್ ಏಕೆ ಮೌನವಾಯಿತು?

ಹಳೆಯ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬರುವವರಲ್ಲಿ ಕೆಲವರು, ಕಾರಿನೊಡನೆ ಬಂದ ದೊಡ್ಡ ಸ್ಟಿಯರಿಂಗ್ ಚಕ್ರವನ್ನು ತೆಗೆಸಿ, ಬೇರೊಂದು ಕಂಪೆನಿ ತಯಾರಿಸಿದ ಚಿಕ್ಕ ಚಕ್ರವನ್ನು ಹಾಕಿಸಿಕೊಳ್ಳುವುದುಂಟು. ಇಟಲಿಯ ನಾರ್ಡಿ, ಮೋಮೋ ಮೊದಲಾದ ಚಕ್ರಗಳು ಇದಕ್ಕಾಗಿಯೇ ಪ್ರಸಿದ್ಧವಾಗಿವೆ. ಚಕ್ರವೇನೋ ಅಂದವಾಗಿ ಕೂರುತ್ತದೆ. ಆದರೆ ಅದರ ನಡುವಿನ ಗುಂಡಿಯನ್ನು ಒತ್ತಿದರೆ ಕೆಲವು ವೇಳೆ ಹಾರನ್ ಕೂಗುವುದೇ ಇಲ್ಲ. ಆಗ ಹಲವರು ಹೊಸ ಹಾರನ್ ಕೊಳ್ಳುತ್ತಾರೆ. ಇಲ್ಲವೇ ಡ್ಯಾಶ್‌ಬೋರ್ಡಿನ ಮೇಲೆ ಬೇರೊಂದು ಗುಂಡಿಯನ್ನು ಕೂರಿಸುತ್ತಾರೆ. ಮೊದಲನೆಯದರಿಂದ ಹಣ ಹೋಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ. ಎರಡನೆಯದರಿಂದ ಶಬ್ದವೇನೋ ಬರುತ್ತದೆ. ಆದರೆ ರಸ್ತೆಗೆ ಮಗುವೊಂದು ಓಡಿಬಂದ ಗಳಿಗೆಯಲ್ಲಿ ಚಾಲಕನ ಕೈ ಚಕ್ರವನ್ನು ಬಿಟ್ಟು ಗುಂಡಿಯನ್ನು ಅರಸಬೇಕಾಗುತ್ತದೆ.

ಈ ಸಣ್ಣ ತೊಂದರೆ ನಮ್ಮ ಭೌತವಿಜ್ಞಾನ ಬೋಧನೆಯ ಒಂದು ದೊಡ್ಡ ಕೊರತೆಯನ್ನು ಎತ್ತಿ ತೋರಿಸುತ್ತದೆಂಬುದು ನನ್ನ ಅಭಿಪ್ರಾಯ. ಗೆಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನು ನಮ್ಮ ವಿದ್ಯಾರ್ಥಿಗಳು ತಪ್ಪಿಲ್ಲದೆ ಒಪ್ಪಿಸಬಲ್ಲರು, ಲೆಕ್ಕಗಳನ್ನೂ ಬಿಡಿಸಬಲ್ಲರು. ಆದರೆ ಕೆಟ್ಟುನಿಂತ ವಿದ್ಯುನ್ಮಂಡಲವೊಂದನ್ನು ಮುಂದಿಟ್ಟರೆ ಎಲ್ಲಿಂದ ಪರೀಕ್ಷಿಸಬೇಕೆಂಬುದು ಅವರಿಗೆ ತೋಚುವುದಿಲ್ಲ.

ಹಾರನ್ನಿನ ರಚನೆ ಸರಳವಾದುದು. ಅದರೊಳಗೆ ಒಂದು ವಿದ್ಯುತ್ಕಾಂತ, ಒಂದು ತೆಳುವಾದ ಲೋಹದ ಪಟಲ ಮತ್ತು ಒಂದು ಜೊತೆ ಸಂಪರ್ಕಬಿಂದುಗಳಿವೆ. ಪ್ರವಾಹ ಹರಿದಾಗ ಕಾಂತವು ಪಟಲವನ್ನು ಸೆಳೆಯುತ್ತದೆ. ಆ ಚಲನೆಯೇ ಸಂಪರ್ಕವನ್ನು ಬಿಡಿಸುತ್ತದೆ. ಪ್ರವಾಹ ನಿಂತು ಪಟಲ ಹಿಂದಿರುಗುತ್ತದೆ. ಸಂಪರ್ಕ ಮತ್ತೆ ಕೂಡುತ್ತದೆ. ಸೆಕೆಂಡಿಗೆ ಕೆಲವು ನೂರು ಸಲ ನಡೆಯುವ ಈ ಕಂಪನವೇ ನಮಗೆ ಕೇಳಿಬರುವ ಕೂಗು.

ಇನ್ನು ಪ್ರವಾಹದ ದಾರಿಯನ್ನು ನೋಡೋಣ. ಹಳೆಯ ಕಾರುಗಳಲ್ಲಿ ಬ್ಯಾಟರಿಯಿಂದ ಹೊರಡುವುದಕ್ಕೆ ತಂತಿಯುಂಟು. ಹಿಂದಿರುಗುವುದು ಬಹುಮಟ್ಟಿಗೆ ಕಾರಿನ ಲೋಹದ ಮೈಯ ಮೂಲಕವೇ. 1960ರ ದಶಕದ ಕೊನೆಯ ವರ್ಷಗಳ 12 ವೋಲ್ಟಿನ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ತೆಗೆದುಕೊಳ್ಳಿರಿ. ಅದರಲ್ಲಿ ವಿದ್ಯುತ್ತು ಮೊದಲು ಹಾರನ್ನಿಗೆ ಬಂದು, ಬಳಿಕ ಚಕ್ರದ ನಡುವಿನ ಗುಂಡಿಯನ್ನು ಸೇರುತ್ತದೆ. ಗುಂಡಿಯ ಕೆಲಸವೆಂದರೆ ಅದಕ್ಕೆ ಕಾರಿನ ಮೈಗೆ ಹಿಂದಿರುಗುವ ದಾರಿಯನ್ನು ತೆರೆಯುವುದು. ಆ ದಾರಿಯಲ್ಲಿ ಸ್ಟಿಯರಿಂಗ್ ದಂಡದ ಕೆಳಗೆ, ಅದುರು ಮೇಲೇರದಂತೆ ಇಟ್ಟ ಒಂದು ರಬ್ಬರ್ ಬಿಲ್ಲೆಯಿದೆ. ರಬ್ಬರು ವಿದ್ಯುತ್ತನ್ನು ಸಾಗಿಸದಾದುದರಿಂದ ಅದನ್ನು ದಾಟಿಸಲು ಗೇಣುದ್ದಕ್ಕೂ ಕಡಿಮೆಯಾದ ತಂತಿಯೊಂದನ್ನು ಕಟ್ಟಿರುತ್ತಾರೆ. ಈ ತುಣುಕು ತಂತಿ ಕಳಚಿದರೂ ಸಾಕು, ಹಾರನ್ ಮೂಕವಾಗುತ್ತದೆ.

ಚಕ್ರವನ್ನು ಬದಲಾಯಿಸಿದಾಗ ಇಂತಹದೇ ಇನ್ನೊಂದು ಅಡ್ಡಿ ಹುಟ್ಟಬಹುದು. ಹೊಸ ಚಕ್ರವನ್ನು ದಂಡಕ್ಕೆ ಜೋಡಿಸಲು ನಡುವೆ ಒಂದು ಅಲ್ಯೂಮಿನಿಯಮ್ ಗುಬ್ಬಟೆಯನ್ನು ಬಳಸುತ್ತಾರೆ. ಅದಕ್ಕೆ ಬಳಿದ ಬಣ್ಣವಾಗಲಿ, ತುಕ್ಕು ಹಿಡಿಯದಂತೆ ಬೆಳೆಸಿದ ಆಕ್ಸೈಡಿನ ಪದರವಾಗಲಿ ವಿದ್ಯುತ್ತಿಗೆ ತಡೆಯಾಗಬಲ್ಲದು. ಹೊಸ ಗುಂಡಿಗಳಿಗೆ ಸಾಮಾನ್ಯವಾಗಿ ಎರಡು ಕಿವಿಗಳಿರುತ್ತವೆ: ಒಂದಕ್ಕೆ ಹಾರನ್ನಿನಿಂದ ಬಂದ ತಂತಿ, ಇನ್ನೊಂದಕ್ಕೆ ಹಿಂದಿರುಗುವ ತಂತಿ. ಎರಡನೆಯದನ್ನು ಜೋಡಿಸದೆ ಬಿಟ್ಟರೆ, ಅಥವಾ ಬಣ್ಣದ ಮೇಲೆಯೇ ಬಿಗಿದರೆ, ಮಂಡಲ ಪೂರ್ಣವಾಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಮೊದಲನೆಯ ತಂತಿಯೇ ಲೋಹಕ್ಕೆ ತಗುಲಿದರೆ ಗುಂಡಿ ಒತ್ತದೆಯೇ ಹಾರನ್ ಎಡೆಬಿಡದೆ ಕೂಗುತ್ತದೆ.

ಫ್ಯೂಸ್ ಮೊದಲುಗೊಂಡು ರಬ್ಬರ್ ಬಿಲ್ಲೆಯ ತಂತಿಯವರೆಗೆ ದೋಷವಿರಬಹುದಾದ ಎಂಟು ಸ್ಥಳಗಳಿವೆ ಎಂದುಕೊಳ್ಳೋಣ. ಒಂದೊಂದನ್ನೇ ಬಿಚ್ಚಿ ನೋಡಬೇಕಾಗಿಲ್ಲ. ಪ್ರತಿಸಲವೂ ಉಳಿದುದನ್ನು ಅರ್ಧಕ್ಕೆ ಇಳಿಸುವ ಪರೀಕ್ಷೆ ಮಾಡಿದರೆ, ದೋಷ ಒಂದೇ ಆಗಿದ್ದಲ್ಲಿ, ಮೂರು ಪರೀಕ್ಷೆಗಳು ಸಾಕು. ಹಾರನ್ನಿನಿಂದ ಗುಂಡಿಯ ಕಡೆಗೆ ಹೋಗುವ ತುದಿಯನ್ನು ಬೇರೊಂದು ತಂತಿಯಿಂದ ಕಾರಿನ ಬರಿಯ ಲೋಹಕ್ಕೆ ಮುಟ್ಟಿಸಿರಿ. ಹಾರನ್ ಕೂಗಿದರೆ ಬ್ಯಾಟರಿ, ಫ್ಯೂಸ್, ಹಾರನ್ ಮೂರೂ ನಿರ್ದೋಷಿಗಳು. ಅನಂತರ ಅದೇ ಪರೀಕ್ಷೆಯನ್ನು ಚಕ್ರದ ಬಳಿ ಮಾಡಿರಿ. ಆದರೆ ಬ್ಯಾಟರಿಯಿಂದ ಹಾರನ್ನಿಗೆ ಬರುವ ತಂತಿಯನ್ನು ಎಂದಿಗೂ ಲೋಹಕ್ಕೆ ಮುಟ್ಟಿಸಕೂಡದು. ಪ್ರವಾಹಕ್ಕೆ ತಡೆಯಿಲ್ಲದೆ ತಂತಿ ಸುಟ್ಟೀತು. ಗಾಳಿಚೀಲವಿರುವ ಈಚಿನ ಕಾರುಗಳ ಚಕ್ರಕ್ಕಂತೂ ಕೈಹಚ್ಚಲೇಬಾರದು.

ಮಾಪಕವನ್ನು ನಂಬುವುದರಲ್ಲಿಯೂ ಎಚ್ಚರಿಕೆ ಬೇಕು. 12 ವೋಲ್ಟಿನಲ್ಲಿ ಹಾರನ್ 4 ಆಂಪೇರ್ ಪ್ರವಾಹವನ್ನು ಎಳೆಯುವುದಾದರೆ, ಸ್ಥೂಲವಾಗಿ ಅದರ ರೋಧ 3 ಓಮ್ ಎಂದು ಹೇಳಬಹುದು. ತುಕ್ಕು ಹಿಡಿದ ಕೀಲಿನಲ್ಲಿ ಇನ್ನೊಂದು 3 ಓಮ್ ಸೇರಿಕೊಂಡಿತೆನ್ನಿ. ಪ್ರವಾಹ 2 ಆಂಪೇರಿಗೆ ಇಳಿದು, ಹಾರನ್ನಿಗೆ 6 ವೋಲ್ಟ್ ಮಾತ್ರ ಉಳಿಯುತ್ತದೆ. ಆದರೆ ಹಾರನ್ನನ್ನು ಕಳಚಿ, ಅದರ ಸ್ಥಾನದಲ್ಲಿ ಒಂದು ಕೋಟಿ ಓಮ್ ರೋಧವುಳ್ಳ ಇಂದಿನ ವೋಲ್ಟ್‌ಮಾಪಕವನ್ನಿಟ್ಟರೆ ಅದು 12 ವೋಲ್ಟನ್ನೇ ತೋರಿಸುತ್ತದೆ! ಒಂದು ಕೋಟಿಯ ಮುಂದೆ ಮೂರು ಓಮಿಗೆ ಏನು ಲೆಕ್ಕ? ಆದಕಾರಣ ಪ್ರವಾಹ ಹರಿಯುತ್ತಿರುವಾಗಲೇ ಅಳೆಯಬೇಕು. ಓಮನ ನಿಯಮವನ್ನು ಬಲ್ಲವನಿಗೆ ಇದು ಹೊಳೆಯುತ್ತದೆ; ಸೂತ್ರವನ್ನು ಮಾತ್ರ ಬಲ್ಲವನು ಮಾಪಕದ ಮಾತಿಗೆ ಮರುಳಾಗುತ್ತಾನೆ.

“ಇದು ಮೆಕ್ಯಾನಿಕ್ಕನ ಕೆಲಸ; ಕಾಲೇಜು ಕಲಿಸಬೇಕಾದುದು ತತ್ತ್ವವನ್ನು” ಎಂದು ಕೆಲವರು ಆಕ್ಷೇಪಿಸಬಹುದು. ತತ್ತ್ವವನ್ನು ಕಲಿಸಲೇಬೇಕು, ನಿಜ. ಆದರೆ ಸಾಧ್ಯತೆಗಳನ್ನು ಎಣಿಸಿ, ಒಂದು ಪರೀಕ್ಷೆಯನ್ನು ಯೋಚಿಸಿ, ಅದರ ಫಲದಿಂದ ಕೆಲವನ್ನು ತಳ್ಳಿಹಾಕುವುದು ಸಂಶೋಧಕನ ಮಾರ್ಗವೇ ಅಲ್ಲವೆ? ಒಳ್ಳೆಯ ಮೆಕ್ಯಾನಿಕ್ಕನೂ ಅದನ್ನೇ ಮಾಡುತ್ತಾನೆ. ನಮ್ಮ ಪ್ರಯೋಗಶಾಲೆಗಳಲ್ಲಿಯಾದರೋ ವಿದ್ಯಾರ್ಥಿಯ ಕೈಗೆ ಬರುವ ಉಪಕರಣ ಮೊದಲೇ ಸರಿಪಡಿಸಿಟ್ಟದ್ದು. ಬರಬೇಕಾದ ಉತ್ತರವೂ ಮೊದಲೇ ತಿಳಿದದ್ದು.

ಆದುದರಿಂದ ವರ್ಷದ ಪ್ರಯೋಗಗಳಲ್ಲಿ ಒಂದನ್ನಾದರೂ ದೋಷಶೋಧನೆಗೆ ಮೀಸಲಿಡಬೇಕೆಂದು ನಾನು ಸೂಚಿಸುತ್ತೇನೆ. ಹಳೆಯ ಹಾರನ್, 12 ವೋಲ್ಟಿನ ಬ್ಯಾಟರಿ, ಫ್ಯೂಸ್, ಗುಂಡಿ, ನಾಲ್ಕಾರು ತಂತಿ, ಒಂದು ಬಣ್ಣ ಬಳಿದ ತಗಡು: ಇಷ್ಟು ಸಾಮಗ್ರಿ ಯಾವ ಊರಿನ ಗುಜರಿಯಲ್ಲಾದರೂ ಸಿಕ್ಕೀತು. ಅಧ್ಯಾಪಕನು ಒಂದು ಕಡೆ ಗುಟ್ಟಾಗಿ ಸಂಪರ್ಕ ತಪ್ಪಿಸಿಡಲಿ. ವಿದ್ಯಾರ್ಥಿಯು ತಾನು ಮಾಡಿದ ಪ್ರತಿಯೊಂದು ಪರೀಕ್ಷೆಯನ್ನೂ, ಅದನ್ನು ಏಕೆ ಮಾಡಿದೆನೆಂಬುದನ್ನೂ ಬರೆದಿಡಲಿ. ಅಂಕಗಳು ಹಾರನ್ ಕೂಗಿದ್ದಕ್ಕಲ್ಲ, ಆ ಬರವಣಿಗೆಗೆ ಸಲ್ಲಬೇಕು.