ಹಳೆಯ ಕಾರುಗಳ ಸಸ್ಪೆನ್ಷನ್ ತುಕ್ಕು: ನೋಂದಣಿ ನವೀಕರಣದ ಹಿನ್ನೆಲೆಯಲ್ಲಿ ಒಂದು ಅವಲೋಕನ

ಭಾರತ್ ಸ್ಟೇಜ್-4 ಮಾಲಿನ್ಯ ಮಾನದಂಡವು ಬೆಂಗಳೂರು ಸೇರಿದಂತೆ ದೇಶದ 13 ನಗರಗಳಲ್ಲಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸಂದರ್ಭದಲ್ಲಿ ಮಾರುತಿ 800 ಕಾರಿನ ಮಾರಾಟವು ಈ ನಗರಗಳಲ್ಲಿ ಸ್ಥಗಿತಗೊಂಡಿತು. ಆ ಹೊತ್ತಿಗೆ ನಗರದಲ್ಲಿ ನೋಂದಣಿಯಾದ ಈ ಮಾದರಿಯ ಕೊನೆಯ ಕಾರುಗಳು 2025ರಲ್ಲಿ 15 ವರ್ಷಗಳನ್ನು ಪೂರೈಸಿವೆ. ಬೆಂಗಳೂರು ದಕ್ಷಿಣದ ಇಟ್ಟಮಡು, ಕತ್ರಿಗುಪ್ಪೆ, ಹೊಸಕೆರೆಹಳ್ಳಿ ಮುಂತಾದ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಈ ಕಾರುಗಳೂ, ಇದೇ ಕಾಲದ ಝೆನ್, ಸ್ಯಾಂಟ್ರೋ ಕಾರುಗಳೂ ಇಂದಿಗೂ ದಿನಬಳಕೆಯಲ್ಲಿವೆ. ಕಿರಿದಾದ ರಸ್ತೆಗಳಿಗೆ ಹೊಂದುವ, ದುರಸ್ತಿಗೆ ಹೆಚ್ಚು ಖರ್ಚು ಬಯಸದ ಕಾರುಗಳೆಂಬ ಕಾರಣಕ್ಕೆ ಮಾಲೀಕರು ಇವುಗಳನ್ನು ಉಳಿಸಿಕೊಂಡಿದ್ದಾರೆ. ಇಂತಹ ಕಾರುಗಳ ಇಂಜಿನ್ ಸುಸ್ಥಿತಿಯಲ್ಲಿದ್ದರೂ ತಳಭಾಗದ ಸಸ್ಪೆನ್ಷನ್ ಬಿಡಿಭಾಗಗಳು ತುಕ್ಕಿನಿಂದ ಶಿಥಿಲಗೊಂಡಿರುವ ಸಾಧ್ಯತೆ ಇರುವುದರಿಂದ ಈ ವಿಷಯವು ಪರಿಶೀಲನೆಗೆ ಅರ್ಹವಾಗಿದೆ.

ಮೋಟಾರು ವಾಹನ ಅಧಿನಿಯಮ, 1988ರ 41ನೇ ಪ್ರಕರಣದ ಪ್ರಕಾರ ಸಾರಿಗೇತರ ವಾಹನದ ನೋಂದಣಿ ಪತ್ರವು 15 ವರ್ಷಗಳ ಅವಧಿಗೆ ಸಿಂಧುವಾಗಿರುತ್ತದೆ. ತದನಂತರ ಪ್ರತಿ ಬಾರಿ 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕಾಗುತ್ತದೆ. ಸ್ವಂತ ಬಳಕೆಯ ಕಾರನ್ನು ಮೊದಲ ನೋಂದಣಿಯಿಂದ 15ನೇ ವರ್ಷದವರೆಗೆ ಅರ್ಹತಾ ಪರೀಕ್ಷೆಗೆ ಹಾಜರುಪಡಿಸುವ ನಿಯತ ಕಡ್ಡಾಯವಿಲ್ಲ. ಬ್ರಿಟನ್ನಿನಲ್ಲಿ ಕಾರಿಗೆ 3 ವರ್ಷ ತುಂಬಿದ ನಂತರ ಪ್ರತಿ ವರ್ಷ ಪರೀಕ್ಷೆ ನಡೆಯುತ್ತದೆ. ಸಸ್ಪೆನ್ಷನ್ ಕೂರುವ ಜಾಗದಿಂದ 30 ಸೆಂ.ಮೀ. ವ್ಯಾಪ್ತಿಯೊಳಗೆ ಕಾರಿನ ಉಕ್ಕು ತುಕ್ಕಿನಿಂದ ಬಲಗುಂದಿದ್ದಲ್ಲಿ ಕಾರು ಅನುತ್ತೀರ್ಣವಾಗುತ್ತದೆ. ನಮ್ಮಲ್ಲಿ ಈ ನಡುವಿನ ವರ್ಷಗಳ ಹೊಣೆಯು ಸಂಪೂರ್ಣವಾಗಿ ಮಾಲೀಕರ ಮೇಲೆ, ವಾಸ್ತವವಾಗಿ ಬಡಾವಣೆಯ ಗ್ಯಾರೇಜಿನ ಮೇಲೆ ಬೀಳುತ್ತದೆ.

ಹಳೆಯ ವಾಹನಗಳ ಬಗೆಗಿನ ನೀತಿಯು ಕಳೆದ ಕೆಲವು ವರ್ಷಗಳಲ್ಲಿ ಮುಖ್ಯವಾಗಿ ಶುಲ್ಕದ ರೂಪದಲ್ಲಿ ಜನರನ್ನು ತಲುಪಿದೆ. ಕಾರಿನ ನೋಂದಣಿ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಿಂದ ರೂ. 600ರ ಬದಲು ರೂ. 5,000 ಆಯಿತು. 2025ರ ಆಗಸ್ಟ್ ತಿಂಗಳ ಅಧಿಸೂಚನೆಯಂತೆ 20 ವರ್ಷ ಮೀರಿದ ಕಾರುಗಳಿಗೆ ಇದು ರೂ. 10,000ಕ್ಕೆ ಏರಿತು. ಹಸಿರು ತೆರಿಗೆಯು ಇದಕ್ಕೆ ಹೊರತಾದುದು. ದೆಹಲಿಯಲ್ಲಿ ಇರುವಂತೆ ವಯಸ್ಸಿನ ಆಧಾರದ ಮೇಲೆ ಕಾರುಗಳನ್ನು ರಸ್ತೆಯಿಂದ ತೆಗೆಯುವ ಕ್ರಮ ಕರ್ನಾಟಕದಲ್ಲಿಲ್ಲ. ಸುಸ್ಥಿತಿಯ ಕಾರನ್ನು ಇಟ್ಟುಕೊಳ್ಳಲು ಅವಕಾಶವಿರುವುದು ಸ್ವಾಗತಾರ್ಹವೇ ಸರಿ. ಆದರೆ ಶುಲ್ಕವು ವಾಹನದ ವಯಸ್ಸನ್ನು ಅಳೆಯುತ್ತದೆಯೇ ಹೊರತು ಅದರ ಸ್ಥಿತಿಯನ್ನು ಅಳೆಯುವುದಿಲ್ಲ. ನವೀಕರಣಕ್ಕೆ ಮುನ್ನ ಶುಲ್ಕಕ್ಕೂ ಬಣ್ಣಕ್ಕೂ ಹಣ ವ್ಯಯಿಸಿದ ಮಾಲೀಕರು ಕಣ್ಣಿಗೆ ಕಾಣದ ತಳಭಾಗದಲ್ಲಿ ಉಳಿತಾಯ ಮಾಡಲು ಮುಂದಾದರೆ ನೀತಿಯ ಉದ್ದೇಶವೇ ತಲೆಕೆಳಗಾಗುತ್ತದೆ.

ತಳಭಾಗದ ತುಕ್ಕು ಎಂದೊಡನೆ ಕರಾವಳಿಯ ಉಪ್ಪುಗಾಳಿ ಅಥವಾ ಶೀತದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ನೆನಪಾಗುತ್ತದೆ. ಬೆಂಗಳೂರಿನಲ್ಲಿ ಇವೆರಡೂ ಇಲ್ಲ. ಇಲ್ಲಿನ ತುಕ್ಕಿಗೆ ಕಾರಣಗಳು ಬೇರೆ. ರಸ್ತೆಗುಂಡಿಗಳ ಜಲ್ಲಿ ಸಿಡಿದು ಕಿತ್ತುಹೋದ ಬಣ್ಣ, ಚಕ್ರದ ಗೂಡಿನಲ್ಲಿ ಕಟ್ಟಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿಡುವ ಕೆಸರು, ಮನೆಯಲ್ಲಿ ನಿಲುಗಡೆ ಜಾಗವಿಲ್ಲದೆ ಚರಂಡಿ ಬದಿಯಲ್ಲಿ ನಿಂತ ಕಾರು ಇವು ಮುಖ್ಯವಾದವು. ಇದರೊಂದಿಗೆ ನೆರೆಯೂ ಸೇರುತ್ತದೆ. 2020ರ ಅಕ್ಟೋಬರ್ 23ರ ರಾತ್ರಿಯ ಮಳೆಗೆ ಇಟ್ಟಮಡುವಿನ ನೆರೆಯ ಹೊಸಕೆರೆಹಳ್ಳಿಯ ದತ್ತಾತ್ರೇಯನಗರದಲ್ಲಿ ರಾಜಕಾಲುವೆಯ ನೀರು ಮನೆಗಳಿಗೆ ನುಗ್ಗಿ, ನಿಂತಿದ್ದ ವಾಹನಗಳು ಮುಳುಗಿದವು. ಹಾಗೆ ಮುಳುಗಿದ ಕಾರಿನ ಇಂಜಿನ್, ಸೀಟು, ವಿದ್ಯುತ್ ತಂತಿಗಳನ್ನು ಸಾಮಾನ್ಯವಾಗಿ ಸರಿಪಡಿಸಿಕೊಳ್ಳಲಾಗುತ್ತದೆ. ಕೊಳೆನೀರು ಹೊಕ್ಕ ಬಾಲ್ ಜಾಯಿಂಟು, ಬುಷ್ಷಿನ ಒಳಗಿನ ಉಕ್ಕಿನ ಕೊಳವೆ, ಟೊಳ್ಳು ತೊಲೆಗಳ ಒಳಮೈ ಇವುಗಳತ್ತ ಗಮನ ಹರಿಯುವುದು ಕಡಿಮೆ. ಅಲ್ಲಿ ಪ್ರಾರಂಭವಾದ ತುಕ್ಕು ಹೊರಗೆ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ.

ತುಕ್ಕು ಹಿಡಿದದ್ದೆಲ್ಲವೂ ಅಪಾಯಕಾರಿಯಲ್ಲ ಎಂಬುದನ್ನು ಇಲ್ಲಿ ಹೇಳುವುದು ಅವಶ್ಯಕ. ಲೋಯರ್ ಆರ್ಮ್ ಮೇಲಿನ ತೆಳುವಾದ ಕಂದು ಪದರವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಬಳಿದರೆ ಸಾಕಾಗುತ್ತದೆ. ಪದರ ಪದರವಾಗಿ ಏಳುವ, ಸುತ್ತಿಗೆಯಿಂದ ತಟ್ಟಿದಾಗ ಚೂರು ಉದುರುವ ತುಕ್ಕು ಬೇರೆ ಬಗೆಯದು. ಕಾಯಿಲ್ ಸ್ಪ್ರಿಂಗಿನ ಅತ್ಯಂತ ಕೆಳಗಿನ ಸುತ್ತನ್ನು ಮೊದಲು ನೋಡತಕ್ಕದ್ದು. ಬಟ್ಟಲಿನಂತಹ ಆಸನದಲ್ಲಿ ನೀರು ನಿಂತು ಸ್ಪ್ರಿಂಗು ಅಲ್ಲಿಯೇ ತುಂಡಾಗುತ್ತದೆ ಮತ್ತು ತುಂಡಿನ ತುದಿಯು ಟೈರನ್ನು ಸೀಳಬಲ್ಲದು. ಬಾಲ್ ಜಾಯಿಂಟಿನ ರಬ್ಬರ್ ಹೊದಿಕೆ ಹರಿದಿದ್ದರೆ ಒಳಗಿನ ಗ್ರೀಸ್ ಹೊರಹೋಗಿ ನೀರು ಸೇರುತ್ತದೆ. ಅದು ಪೂರ್ಣ ಸವೆದು ಕಳಚಿದಲ್ಲಿ ಚಕ್ರವು ಹೊರಕ್ಕೆ ಮಡಚಿಕೊಂಡು ಕಾರು ಚಾಲಕರ ಹಿಡಿತ ತಪ್ಪುತ್ತದೆ. ಗುಂಡಿ ದಾಟುವಾಗ ಕಟಕಟ ಸದ್ದು, ಬ್ರೇಕ್ ಒತ್ತಿದಾಗ ಒಂದೇ ಬದಿಗೆ ಎಳೆತ, ಟೈರಿನ ಒಂದು ಅಂಚು ಮಾತ್ರ ಸವೆಯುವುದು ಮುಂತಾದವು ಇದರ ಮುನ್ಸೂಚನೆಗಳು.

ದುರಸ್ತಿಯಲ್ಲಿ ನಿಜವಾದ ಕಷ್ಟ ಎದುರಾಗುವುದು ಬಿಡಿಭಾಗದಲ್ಲಲ್ಲ, ಅದನ್ನು ಹಿಡಿದಿರುವ ಬೋಲ್ಟಿನಲ್ಲಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಆಕ್ರಮಿಸುವುದರಿಂದ ಬುಷ್ಷಿನ ಕೊಳವೆಯೊಳಗೆ ಬೋಲ್ಟು ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತದೆ. ಅವಸರದಲ್ಲಿ ಗ್ಯಾಸ್ ಜ್ವಾಲೆ ಹಿಡಿದರೆ ರಬ್ಬರ್ ಸುಡುತ್ತದೆ, ಪಕ್ಕದ ಬ್ರೇಕ್ ಕೊಳವೆಗೂ ಹಾನಿಯಾಗುತ್ತದೆ. ತುಕ್ಕು ಸಡಿಲಿಸುವ ಎಣ್ಣೆಯನ್ನು ಹಿಂದಿನ ದಿನವೇ ಹಾಕಿ ನೆನೆಯಲು ಬಿಡುವುದು, ಅದಕ್ಕೂ ಬಗ್ಗದಿದ್ದರೆ ಬೋಲ್ಟನ್ನು ಕತ್ತರಿಸಿ ತೆಗೆದು ಬುಷ್ ಸಹಿತ ಹೊಸದನ್ನು ಹಾಕುವುದು ಸೂಕ್ತ ವಿಧಾನ. ಕತ್ತರಿಸಿದ ಬೋಲ್ಟಿನ ಬದಲಿಗೆ ಹಾರ್ಡ್‌ವೇರ್ ಅಂಗಡಿಯ ಯಾವುದೋ ಬೋಲ್ಟನ್ನು ತೊಡಿಸಬಾರದು. ಮೂಲ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬಂತೆ ನಮೂದಾಗಿರುವ ದರ್ಜೆಗೆ ಕಡಿಮೆಯಿಲ್ಲದ, ಅದೇ ಅಳತೆಯ ಬೋಲ್ಟನ್ನೇ ಬಳಸತಕ್ಕದ್ದು. ಬುಷ್ಷಿನ ಬೋಲ್ಟುಗಳನ್ನು ಕಾರಿನ ಭಾರವು ಚಕ್ರದ ಮೇಲಿರುವಾಗ ಅಂತಿಮವಾಗಿ ಬಿಗಿಗೊಳಿಸಬೇಕು. ಕಾರು ಎತ್ತಿದ ಸ್ಥಿತಿಯಲ್ಲೇ ಬಿಗಿಗೊಳಿಸಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗನೆ ಹರಿಯುತ್ತದೆ. ಬಗ್ಗಿದ ಆರ್ಮ್ ಅನ್ನು ಕಾಯಿಸಿ ನೇರ ಮಾಡುವುದು, ಬಿರುಕಿಗೆ ವೆಲ್ಡಿಂಗ್ ಮಾಡುವುದು ಯಾವ ಕಾರಣಕ್ಕೂ ಸಲ್ಲದು. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು ಎಡ ಬಲ ಜೋಡಿಯಾಗಿ ಬದಲಾಯಿಸಿ, ಕೆಲಸ ಮುಗಿದ ನಂತರ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಅದುಮಿಟ್ಟ ಸ್ಪ್ರಿಂಗು ಚಿಮ್ಮಿದರೆ ಪ್ರಾಣಾಪಾಯವಿರುವುದರಿಂದ ಈ ಕೆಲಸವನ್ನು ಮನೆಯಂಗಳದಲ್ಲಿ, ಅದರಲ್ಲೂ ಬರೀ ಜಾಕಿಯ ಆಧಾರದಲ್ಲಿ ಮಾಡಲು ಹೋಗಬಾರದು.

ಜಯಚಾಮರಾಜ ರಸ್ತೆಯ ಬಿಡಿಭಾಗ ಮಳಿಗೆಗಳಲ್ಲಿ ಈ ಕಾರುಗಳ ಭಾಗಗಳು ದೊರೆಯುತ್ತವೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದು ಹಳೆಯ ಕಾರಿನವರಿಗೆ ಅನುಕೂಲವಾಗಿದೆ. ಗುಜರಿಯಿಂದ ಬಾಗಿಲು, ದೀಪ ಕೊಳ್ಳುವುದು ಬೇರೆ. ಅದೇ ವಯಸ್ಸಿನ, ಅದೇ ತುಕ್ಕಿನ ಲೋಯರ್ ಆರ್ಮ್ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಬೋಲ್ಟು ಬಿಚ್ಚಿ ಬದಲಾಯಿಸಬಹುದಾದ ಭಾಗಗಳ ತುಕ್ಕು ಖರ್ಚಿನ ವಿಷಯ. ಆ ಭಾಗಗಳು ಕೂರುವ ಕಾರಿನ ಒಡಲಿನ ತುಕ್ಕು ಕಾರಿನ ಆಯುಷ್ಯದ ವಿಷಯ. ಮೇಲೆ ಹೆಸರಿಸಿದ ಕಾರುಗಳ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ವ್ಯವಸ್ಥೆಯಿದ್ದು, ಬಾನೆಟ್ಟಿನ ಕೆಳಗೆ ಸ್ಟ್ರಟ್ಟಿನ ಮೇಲ್ತುದಿ ಕೂರುವ ಜಾಗವು ಚಕ್ರದ ಹೊಡೆತವನ್ನೆಲ್ಲ ತಾಳಿಕೊಳ್ಳುತ್ತದೆ. ಸ್ಕ್ರೂ ಡ್ರೈವರ್ ತುದಿಯಿಂದ ಒತ್ತಿದಾಗ ಅಲ್ಲಿನ ತಗಡು ಒಳಕ್ಕೆ ಹೋದರೆ ಪೇಸ್ಟ್ ಮೆತ್ತಿ ಬಣ್ಣ ಬಳಿಯುವ ಟಿಂಕರಿಂಗ್ ಕೆಲಸದಿಂದ ಪ್ರಯೋಜನವಿಲ್ಲ. ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಸಮನಾದ ದಪ್ಪದ ಉಕ್ಕಿನಿಂದ ಬೆಸೆಯಬೇಕು, ಇಲ್ಲವೇ ಕಾರನ್ನು ಬಿಡಬೇಕು. ಹಳೆಯ ಕಾರು ಕೊಳ್ಳುವವರು ತಳಭಾಗಕ್ಕೆ ಹೊಸದಾಗಿ ಕಪ್ಪು ಲೇಪನ ಬಳಿದಿದ್ದರೆ ಮೆಚ್ಚುವ ಬದಲು ಸಂಶಯಪಡುವುದು ಒಳಿತು. ತುಕ್ಕಿನ ಮೇಲೆಯೇ ಬಳಿದ ಲೇಪನವು ತೇವವನ್ನು ಒಳಗೆ ಹಿಡಿದಿಟ್ಟು ಅದನ್ನು ಬೆಳೆಸುತ್ತದೆ.

ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗಾಗಿ 2021ರಲ್ಲಿ ರೂಪಿಸಲಾದ ಕೇಂದ್ರ ನಿಯಮಗಳಲ್ಲಿ ಸಸ್ಪೆನ್ಷನ್ ಪರೀಕ್ಷೆ ಮತ್ತು ಕೀಲುಗಳ ಸಡಿಲಿಕೆಯ ಪರೀಕ್ಷೆಗಳು ಸೇರಿವೆ. ಆದರೆ ಕಡ್ಡಾಯವನ್ನು ಮೊದಲಿಗೆ ಸಾರಿಗೆ ವಾಹನಗಳಿಗೆ ಅನ್ವಯಿಸಲಾಯಿತು. ಅಧಿನಿಯಮದ 190ನೇ ಪ್ರಕರಣವಾದರೋ ಎಲ್ಲ ವಾಹನಗಳಿಗೂ ಅನ್ವಯವಾಗುತ್ತದೆ: ತನಗೆ ತಿಳಿದಿರುವ, ಅಥವಾ ಸಾಮಾನ್ಯ ಎಚ್ಚರದಿಂದ ತಿಳಿಯಬಹುದಾಗಿದ್ದ ದೋಷವಿರುವ ಅಪಾಯಕಾರಿ ವಾಹನವನ್ನು ಚಲಾಯಿಸಿದರೆ ರೂ. 1,500 ದಂಡವೂ, ಆ ದೋಷದಿಂದ ಅಪಘಾತವಾಗಿ ಗಾಯ ಅಥವಾ ಆಸ್ತಿಹಾನಿ ಉಂಟಾದರೆ ಮೂರು ತಿಂಗಳವರೆಗಿನ ಕಾರಾಗೃಹವಾಸ ಅಥವಾ ರೂ. 5,000 ದಂಡ ಅಥವಾ ಎರಡೂ ವಿಧಿಸಲ್ಪಡಬಹುದು. ನೆರೆಯಿಂದಾದ ಹಾನಿಯು ಸಮಗ್ರ ವಿಮೆಯ ವ್ಯಾಪ್ತಿಗೆ ಬರುತ್ತದೆ. ಕಾಲಕ್ರಮದ ಸವೆತಕ್ಕೆ ಪರಿಹಾರ ದೊರೆಯುವುದಿಲ್ಲ. ಆದ್ದರಿಂದ ಮುಳುಗಿದ ಕಾರಿನ ತಳಭಾಗವನ್ನು ಕ್ಲೇಮ್ ಸಮಯದಲ್ಲಿಯೇ ಎತ್ತಿ ನೋಡಿಸುವುದು ಲಾಭಕರ.

ನವೀಕರಣಕ್ಕೆ ನಮೂನೆ 25ರಲ್ಲಿ ಅವಧಿ ಮುಗಿಯುವುದಕ್ಕೆ 60 ದಿನಗಳ ಒಳಗಾಗಿ ಅರ್ಜಿ ಸಲ್ಲಿಸಬಹುದು; ವಿಳಂಬವಾದಲ್ಲಿ ಕಾರಿಗೆ ತಿಂಗಳಿಗೆ ರೂ. 500 ಹೆಚ್ಚುವರಿ ಶುಲ್ಕವಿದೆ. ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ನೋಡುವ ಕೆಲಸವು ಈ ಅರ್ಜಿಗೆ ಮುನ್ನವೇ ಆಗಬೇಕು. ಒಡಲು ಕೊಳೆತಿದೆ ಎಂದು ತಿಳಿದರೆ ರೂ. 5,000 ಅಥವಾ ರೂ. 10,000 ಪಾವತಿಸುವ ಬದಲು ಕಾರನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆಯಬಹುದು. ಆ ಪ್ರಮಾಣಪತ್ರದ ಆಧಾರದ ಮೇಲೆ ಹೊಸ ಸಾರಿಗೇತರ ವಾಹನದ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ನೀಡಲು ಕೇಂದ್ರ ನಿಯಮಗಳಲ್ಲಿ ಅವಕಾಶ ಕಲ್ಪಿಸಲಾಗಿದೆ.