ಹಂಗಾಮಿ ಅಂದ್ರೆ ಸುಮ್ನೆ ಕೂರೋದಲ್ಲ

ಅರಸೀಕೆರೆ ಅಂದ್ರೆ ಅರಸಿಯ ಕೆರೆ. ಬೇಲೂರು, ಹಳೇಬೀಡು ಟ್ರಿಪ್‌ಗೆ ಹೋದ್ರೆ ರಾಣಿ ಶಾಂತಲೆಯ ಕಥೆ ಕೇಳ್ತೀವಿ. ಆದರೆ ಕೆರೆ ಕಟ್ಟಿಸಲು ಹೊರಟ ಇನ್ನೊಬ್ಬ ಅರಸಿಯನ್ನ ಮರೆತಿದ್ದೀವಿ.

1894ರಲ್ಲಿ ಚಾಮರಾಜೇಂದ್ರ ಒಡೆಯರ್ ತೀರಿಕೊಂಡಾಗ ಮಗ ಕೃಷ್ಣರಾಜರಿಗೆ ಬರೀ 10 ವರ್ಷ. ಮಗ ದೊಡ್ಡವನಾಗೋವರೆಗೆ ಮೈಸೂರನ್ನ ನೋಡಿಕೊಂಡವರು ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ. ಈ ಹಂಗಾಮಿ ಆಡಳಿತ 1902ಕ್ಕೆ ಮುಗೀತು. ಅಷ್ಟರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಅಣೆಕಟ್ಟಿನ ಕೆಲಸ ನಡೀತಿತ್ತು. ಅದು ಮುಗಿದದ್ದು 1907ರಲ್ಲಿ, ಮಗನ ಕಾಲಕ್ಕೆ.

ನಾವೋ, ಫೈನಲ್ ಇಯರ್ ಬಂದ ಕೂಡಲೇ "ಇನ್ನೆರಡು ತಿಂಗಳು ತಾನೇ, ಜೂನಿಯರ್ಸ್ ನೋಡ್ಕೊಳ್ಳಲಿ" ಅಂತ ಸಂಘದ ಕೆಲಸ ಬಿಡ್ತೀವಿ. ಮುಗಿಸೋಕೆ ಆಗದಿದ್ರೂ ಪರವಾಗಿಲ್ಲ, ಗೆಳೆಯರೇ, ಶುರು ಮಾಡಿಟ್ಟಾದ್ರೂ ಹೋಗೋಣ.