ಚಿತ್ರದ ಕೆಳಗೆ ಯಾರ ಹೆಸರು?

ಪ್ರದರ್ಶನ ಹತ್ತಿರ ಬಂತೆಂದರೆ ಕೈಕೆಲಸ ಬಲ್ಲ ಹೆಂಗಸರಿಗೆ ರಾತ್ರಿ ನಿದ್ದೆಯಿಲ್ಲ. ಒಬ್ಬಳು ನಕ್ಷೆ ಬರೆಯುತ್ತಾಳೆ, ಇನ್ನೊಬ್ಬಳು ಬಣ್ಣ ತುಂಬುತ್ತಾಳೆ, ಮತ್ತೊಬ್ಬಳು ಅಂಚು ಮುಗಿಸುತ್ತಾಳೆ. ಕೆಲಸ ಎಲ್ಲರದ್ದು. ಆದರೆ ಕೊನೆಗೆ ಹೆಸರು ಯಾರದ್ದು? ಹಣ ಯಾರ ಕೈಗೆ? ಸಹೋದರಿಯರೇ, ಇದನ್ನು ಕೇಳಲು ನಾವು ಸಂಕೋಚಪಡುತ್ತೇವೆ. ಕೇಳಬೇಕು ಎನ್ನುವುದಕ್ಕೆ ಬಂಗಾಳದ ಒಂದು ಹಳ್ಳಿಯ ಮಾತು ಹೇಳುತ್ತೇನೆ.

ಪಶ್ಚಿಮ ಮೇದಿನಿಪುರ ಜಿಲ್ಲೆಯ ಪಿಂಗ್ಲಾ ಬಳಿಯ ಆ ಹಳ್ಳಿಯ ಹೆಸರು ನಯಾ. ಅದು ಪಟುವಾಗಳ ಊರು. ಉದ್ದನೆಯ ಕಾಗದದ ಸುರುಳಿಯಲ್ಲಿ ಚಿತ್ರ ಬರೆದು, ಒಂದೊಂದನ್ನೇ ಬೆರಳಿಟ್ಟು ತೋರಿಸುತ್ತಾ ಕಥೆ ಹಾಡುವುದು ಅವರ ಕಸುಬು. ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಹಾಡುವುದು ಮಾತ್ರ ಪೀರರ ಕಥೆಯನ್ನೂ ಹೌದು, ರಾಮಾಯಣವನ್ನೂ ಹೌದು. ಮನೆಹೆಸರು ‘ಚಿತ್ರಕಾರ್’.

ಅವರ ಬಣ್ಣಗಳು ನಮ್ಮ ಅಡುಗೆಮನೆ, ಹಿತ್ತಿಲಿನವೇ. ಅರಿಶಿನದಿಂದ ಹಳದಿ, ಅವರೆ ಎಲೆಯಿಂದ ಹಸಿರು, ಶಂಖಪುಷ್ಪದಿಂದ ನೀಲಿ, ಮಸಿಯಿಂದ ಕಪ್ಪು. ಬಣ್ಣ ಹಿಡಿಯಲು ಬಿಲ್ವದ ಕಾಯಿಯ ಅಂಟು. ಸುರುಳಿ ಹರಿಯದಂತೆ ಹಿಂಬದಿಗೆ ಹಳೆಯ ಸೀರೆಯ ಬಟ್ಟೆ.

ಹಿಂದೆ ಸುರುಳಿ ಹೊತ್ತು ಊರೂರು ತಿರುಗಿ ಹಾಡುತ್ತಿದ್ದವರು ಗಂಡಸರು. ಹೆಂಗಸರು ಮನೆಯಲ್ಲಿ ಬಣ್ಣ ಅರೆದರು, ತುಂಬಿದರು. ಅವರ ಹೆಸರು ಹೊರಗೆ ಕೇಳಿಸಲಿಲ್ಲ. ಹಿರಿಯ ಕಲಾವಿದ ದುಖುಶ್ಯಾಮ್ ಚಿತ್ರಕಾರ್ ಅಂಥವರು ಹೆಂಗಸರಿಗೂ ಚಿತ್ರ ಮತ್ತು ಹಾಡು ಕಲಿಸಿದರು. ಇಂದು ಸ್ವರ್ಣ ಚಿತ್ರಕಾರ್, ಮೊಯ್ನಾ ಚಿತ್ರಕಾರ್ ಎಂಬ ಹೆಸರುಗಳು ದೇಶದಾಚೆಗೂ ಗೊತ್ತು. 2020ರಲ್ಲಿ ಸ್ವರ್ಣ ಕೊರೋನಾ ಬಗ್ಗೆ ಸುರುಳಿ ಬರೆದು ಹಾಡಿದ್ದನ್ನು ನೀವೂ ಮೊಬೈಲಿನಲ್ಲಿ ನೋಡಿರಬಹುದು.

ಮೊಯ್ನಾ ಅವರ ಕೆಲಸ ಗಮನಿಸಿ. ಪತಿ ಜಯದೇವ್ ಜೊತೆಗೂಡಿ ಅವರು ಮಾಡಿದ ‘ಸುನಾಮಿ’ ಎಂಬ ಸುರುಳಿ ಪುಸ್ತಕವನ್ನು ಚೆನ್ನೈನ ತಾರಾ ಬುಕ್ಸ್ 2009ರಲ್ಲಿ ಪ್ರಕಟಿಸಿತು. ಅದರಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದೆ. 2011ರಲ್ಲಿ ‘ಸೀತಾಸ್ ರಾಮಾಯಣ’ ಬಂತು. ಅದಕ್ಕೆ ಬರೆದವರು ಬೆಂಗಳೂರಿನ ಲೇಖಕಿ ಸಂಹಿತಾ ಅರ್ನಿ. ಸಾಮಾನ್ಯವಾಗಿ ಲೇಖಕರು ಬರೆದುಕೊಟ್ಟದ್ದಕ್ಕೆ ಚಿತ್ರಕಾರರು ಚಿತ್ರ ಬರೆಯುತ್ತಾರೆ. ಇಲ್ಲಿ ಚಿತ್ರ ಮೊದಲು ಬಂತು, ಮಾತು ಆಮೇಲೆ. ಹಳ್ಳಿಯ ಕಲಾವಿದೆಯ ಕಲ್ಪನೆಯನ್ನು ಪೇಟೆಯ ಲೇಖಕಿ ಅನುಸರಿಸಿದರು. ಮುಖಪುಟದಲ್ಲಿ ಇಬ್ಬರ ಹೆಸರೂ ಇದೆ. ಜೊತೆಗೂಡಿ ದುಡಿಯುವುದು ಎಂದರೆ ಇದು.

ನಯಾದಲ್ಲಿ 2010ರಿಂದ ‘ಪಟ್ ಮಾಯಾ’ ಎಂಬ ವಾರ್ಷಿಕ ಮೇಳ ಶುರುವಾಯಿತು. ಆ ದಿನಗಳಲ್ಲಿ ಮನೆ ಮನೆಯೂ ಪ್ರದರ್ಶನವೇ. ಅಂಗಳದಲ್ಲಿ ಸುರುಳಿ ತೂಗುಹಾಕಿ ಮನೆಯೊಡತಿಯೇ ಕಥೆ ಹಾಡುತ್ತಾಳೆ, ಬೆಲೆಯನ್ನೂ ಅವಳೇ ಹೇಳುತ್ತಾಳೆ. 2018ರಲ್ಲಿ ಬಂಗಾಳ ಪಟಚಿತ್ರಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅದು ನಾಡಿನ ಹೆಸರನ್ನು ಕಾಯುತ್ತದೆ. ಆದರೆ ಇಂಥ ಚಿತ್ರ ಇಂಥವಳದ್ದು ಎಂದು ಹೇಳುವುದಿಲ್ಲ. ಅದನ್ನು ನಾವೇ ಹೇಳಬೇಕು.

ಈ ಮಾತು ಚಿತ್ರಕ್ಕಷ್ಟೇ ಅಲ್ಲ. ನೀವು ಕಸೂತಿ ಹಾಕುತ್ತಿರಬಹುದು, ಜರಿ ಕೆಲಸ ಮಾಡುತ್ತಿರಬಹುದು, ಮದುಮಗಳಿಗೆ ಮದರಂಗಿ ಇಡುತ್ತಿರಬಹುದು. ಯಾರಾದರೂ ‘ಬನ್ನಿ, ಪ್ರದರ್ಶನಕ್ಕೆ ಜೊತೆಯಾಗಿ ಮಾಡೋಣ’ ಎಂದರೆ ಖಂಡಿತ ಒಪ್ಪಿಕೊಳ್ಳಿ. ಒಬ್ಬರಿಗೆ ಹೊಳೆಯದ್ದು ಇಬ್ಬರಿಗೆ ಹೊಳೆಯುತ್ತದೆ. ಆದರೆ ಸೂಜಿ ಕೈಗೆತ್ತಿಕೊಳ್ಳುವ ಮೊದಲೇ ನಾಲ್ಕು ಮಾತು ಆಡಿಬಿಡಿ. ಸಾಮಾನಿನ ಖರ್ಚು ಯಾರದ್ದು? ಮಾರಾಟವಾದರೆ ಪಾಲೆಷ್ಟು? ಮಾರಾಟವಾಗದೆ ಉಳಿದದ್ದು ಯಾರಿಗೆ? ಚೀಟಿಯಲ್ಲಿ ಯಾರ ಯಾರ ಹೆಸರು? ಒಂದು ಕಾಗದದಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಇದು ಅಪನಂಬಿಕೆಯಲ್ಲ. ಸ್ನೇಹ ಕೆಡದಿರಲಿ ಎಂದು ಮಾಡುವ ಏರ್ಪಾಡು.

ಮನೆಯಲ್ಲೂ ಹಾಗೆಯೇ. ಮಗಳು ರಾತ್ರಿಯೆಲ್ಲ ಕೂತು ಹಾಕಿದ ಹೊಲಿಗೆಯನ್ನು ‘ನಮ್ಮ ಮನೆಯ ಕೆಲಸ’ ಎಂದು ತೋರಿಸಬೇಡಿ. ‘ಇದು ನನ್ನ ಮಗಳು ಮಾಡಿದ್ದು’ ಎನ್ನಿ, ಅವಳ ಹೆಸರು ಹೇಳಿ. ಅವಳ ದುಡ್ಡನ್ನು ಅವಳ ಕೈಗೇ ಕೊಡಿ.